ಮರದ ಸಾಕ್ಷ್ಯ

ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬ ದೊರೆತರೆ ನ್ಯಾಯ ತಾನಾಗಿಯೇ ದೊರೆತೀತೆಂಬುದು ನಮ್ಮೆಲ್ಲರ ನಂಬುಗೆ. ಈ ನಂಬುಗೆಯನ್ನು ಒರೆಗೆ ಹಚ್ಚಿ ನೋಡಲು ಸಾಗವಾನಿ ಮರಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಕಾಣೆ.

ಸಾಗವಾನಿಯು ಬೇಸಗೆಯಲ್ಲಿ ಎಲೆಯುದುರಿಸಿ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ. ಹೀಗೆ ವರ್ಷಕ್ಕೊಂದು ಉಂಗುರ. ಮಳೆ ಹದವಾದ ವರ್ಷ ಉಂಗುರ ಅಗಲ, ಕೈಕೊಟ್ಟ ವರ್ಷ ಕಿರಿದು. ನಾನಿರುವ ಬೇಡಕಿಹಾಳದ ಕಡೆ ಹೊಲದ ಬದುವಿನ ಮಾವನ್ನು ಕೇಳಿದರೆ ಇಷ್ಟು ಸ್ಪಷ್ಟವಾದ ಉತ್ತರ ಬಾರದು. ಸದಾ ಹಸುರಾದ ಮಾವಿನ ಉಂಗುರಗಳು ಒಂದರೊಳಗೊಂದು ಬೆರೆತಿರುತ್ತವೆ. ಅಮೆರಿಕದ ಖಗೋಲಶಾಸ್ತ್ರಜ್ಞ ಎ. ಇ. ಡಗ್ಲಸ್ ಮರದಿಂದ ಮರಕ್ಕೆ ಉಂಗುರಗಳನ್ನು ತಾಳೆ ನೋಡಿ ಕಾಲವನ್ನು ನಿರ್ಣಯಿಸುವ ಶಾಸ್ತ್ರವನ್ನು ಕಟ್ಟಿದರು. ಮರ ಕಡಿಯಬೇಕಿಲ್ಲ, ಬೈರಿಗೆಯಿಂದ ಪೆನ್ಸಿಲಿಗಿಂತ ತೆಳುವಾದ ಕಡ್ಡಿಯೊಂದನ್ನು ಹೊರತೆಗೆದರೆ ಸಾಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಕೇರಳದ ಸಾಗವಾನಿಗಳಿಂದ 1481ರಿಂದ 2003ರವರೆಗಿನ 523 ವರ್ಷಗಳ ಲೆಕ್ಕವನ್ನು ಓದಿ, 2010ರಲ್ಲಿ ಪ್ರಕಟಿಸಿದರು.

ಅರಸನ ಭಯವಿಲ್ಲದ, ಹೊಗಳಿಕೆಯ ಹಂಗಿಲ್ಲದ ಬರಹವಿದು. ಆದರೂ ಇದು ಹೇಳದ ಮಾತೊಂದುಂಟು. 1876-78ರ ಬರದಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದಂತೆ ಮುಂಬಯಿ ಕರ್ನಾಟಕ ಬೆಂದುಹೋಯಿತು. ಆಗಲೂ ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು, ದಿನವೆಲ್ಲ ದುಡಿದ ಗಂಡಾಳಿಗೆ ಒಂದು ಪೌಂಡು ಧಾನ್ಯ, ಒಂದಾಣೆ ಸಾಕೆಂದನು. ಪುಣೆಯ ಸಾರ್ವಜನಿಕ ಸಭೆ ಇದನ್ನು ಪ್ರತಿಭಟಿಸಿತು. ಮಳೆ ಬಾರದುದನ್ನು ಮರ ಬರೆದುಕೊಂಡೀತು. ಕಣಜ ಯಾರದು, ಹಸಿವು ಯಾರದು ಎಂಬುದನ್ನು ಬರೆದುಕೊಳ್ಳಲಾರದು. ಅದನ್ನು ಉಳಿಸಿಕೊಂಡದ್ದು ಜನರ ಮಾತು. 1791-92ರ ಬರವನ್ನು ಹಿರಿಯರು ತಲೆಬುರುಡೆಗಳ ಬರವೆಂಬ ಅರ್ಥದಲ್ಲಿ ‘ಡೋಗಿ ಬರ’ವೆಂದು ಕರೆದರು. ಹೂಳುವವರೂ ಇಲ್ಲದೆ ಬಿದ್ದ ಮನುಷ್ಯರ ಲೆಕ್ಕ ಆ ಒಂದು ಹೆಸರಿನಲ್ಲಿದೆ.

ಹಾಗಾದರೆ ಮರದ ಸಾಕ್ಷ್ಯ ನಿರರ್ಥಕವೆ? ಹಾಗೆನ್ನಲಾಗದು. ಬರವು ಆಕಸ್ಮಿಕವಲ್ಲ, ಮತ್ತೆ ಮತ್ತೆ ಬರುವ ಅತಿಥಿಯೆಂದು ಅದು ಐದು ಶತಮಾನಗಳ ಲೆಕ್ಕ ಕೊಟ್ಟು ತೋರಿಸಿದೆ. ಅರಿಯದವನು ಹಣೆಬರಹವೆಂದು ಹೇಳಿ ಸುಮ್ಮನಾಗಬಹುದು. ಅರಿತವನಿಗೆ ಆ ಆಸರೆಯಿಲ್ಲ. ಮಳೆ ತಪ್ಪುವುದು ನಮ್ಮ ಕೈಯಲ್ಲಿಲ್ಲ. ಮಳೆ ತಪ್ಪಿದ ವರ್ಷ ನೆರೆಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮರ ಸಾಕ್ಷಿ ನುಡಿದಾಗಿದೆ. ಇನ್ನು ತೀರ್ಪಿನ ಹೊಣೆ ನಮ್ಮದು.