ಇಂದಿನ ಧಮ್ಮ ಚಿಂತನೆ: ಮರದ ನೆರಳು, ಮನಸ್ಸಿನ ಸ್ನಾನ





ಇತ್ತೀಚೆಗೆ 'ವನಸ್ನಾನ' ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಇದು ಜಪಾನಿನಿಂದ ಬಂದದ್ದು. ಅಲ್ಲಿನ ಸರ್ಕಾರದ ಅರಣ್ಯ ಇಲಾಖೆ 1982ರಲ್ಲಿ 'ಶಿನ್ರಿನ್ ಯೋಕು' ಎಂದು ಹೆಸರಿಟ್ಟು ಜನರನ್ನು ಕಾಡಿಗೆ ಕರೆಯಿತು. ಇದಕ್ಕೆ ನೀರೂ ಬೇಡ, ಸೋಪೂ ಬೇಡ. ಮರಗಳ ನಡುವೆ ನಿಧಾನವಾಗಿ ನಡೆಯುವುದು, ಕೂರುವುದು, ನೋಡುವುದು, ಕೇಳುವುದು, ಉಸಿರಾಡುವುದು. ಅಷ್ಟೇ.

'ಸ್ನಾನ' ಎಂದ ಕೂಡಲೇ ನಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗುತ್ತದೆ. ತೀರ್ಥಸ್ನಾನ, ಪುಣ್ಯಸ್ನಾನಗಳನ್ನು ಬಿಟ್ಟು ಬಂದವರು ನಾವು. ಆದ್ದರಿಂದ ಮೊದಲು ಭಗವಾನ್ ಬುದ್ಧರು ಸ್ನಾನದ ಬಗ್ಗೆ ಏನು ಹೇಳಿದರು ಎಂದು ನೋಡೋಣ.

ಸುಂದರಿಕ ಭಾರದ್ವಾಜ ಎಂಬ ಬ್ರಾಹ್ಮಣ ಬುದ್ಧರನ್ನು ಬಾಹುಕಾ ನದಿಗೆ ಸ್ನಾನಕ್ಕೆ ಹೋಗುತ್ತೀರಾ ಎಂದು ಕೇಳಿದ. ಆ ನದಿ ಪಾಪ ತೊಳೆಯುತ್ತದೆ ಎಂಬುದು ಅವನ ನಂಬಿಕೆ. ಕೆಟ್ಟ ಕೆಲಸ ಮಾಡಿದವನನ್ನು ಯಾವ ನದಿಯೂ ಶುದ್ಧ ಮಾಡಲಾರದು ಎಂದು ಬುದ್ಧರು ಉತ್ತರಿಸಿದರು. ಸುಳ್ಳು ಹೇಳದೆ, ಹಿಂಸೆ ಮಾಡದೆ, ಕೊಡದ್ದನ್ನು ತೆಗೆದುಕೊಳ್ಳದೆ, ಎಲ್ಲ ಜೀವಿಗಳೂ ನಿನ್ನ ಬಳಿ ನಿರ್ಭಯವಾಗಿರುವಂತೆ ಬದುಕು, ಅದೇ ಸ್ನಾನ ಎಂಬುದು ಅವರ ಮಾತಿನ ಸಾರ. ಈ ಮಾತು ನದಿಗೆ ಹೇಗೋ ಕಾಡಿಗೂ ಹಾಗೆಯೇ. ಮರ ಯಾರ ಪಾಪವನ್ನೂ ತೊಳೆಯುವುದಿಲ್ಲ.

🌳 *ಹಾಗಾದರೆ ಮರ ಏನು ಮಾಡುತ್ತದೆ?*

ಪರೀಕ್ಷಿಸಿ ಒಪ್ಪುವುದು ನಮ್ಮ ಪದ್ಧತಿ. ಜಪಾನಿನ ಸಂಶೋಧಕರು ಒಂದಷ್ಟು ಜನರನ್ನು ಒಂದು ದಿನ ಕಾಡಿಗೆ, ಮತ್ತೊಂದು ದಿನ ಪೇಟೆಗೆ ಕಳುಹಿಸಿ ಹೋಲಿಸಿದರು. ಕಾಡಿನಲ್ಲಿದ್ದಾಗ ನಾಡಿಬಡಿತ, ರಕ್ತದೊತ್ತಡ, ಚಿಂತೆ ಹೆಚ್ಚಿದಾಗ ದೇಹದಲ್ಲಿ ಏರುವ ಕಾರ್ಟಿಸಾಲ್, ಮೂರೂ ಕಡಿಮೆ ಇದ್ದವು.

ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ಒಂದು ಆಸ್ಪತ್ರೆಯ ದಾಖಲೆ ನೋಡಿ ಬರೆದರು. ಪಿತ್ತಕೋಶದ ಆಪರೇಷನ್ ಆದ 46 ರೋಗಿಗಳಲ್ಲಿ ಅರ್ಧ ಜನರ ಕಿಟಕಿಯಿಂದ ಮರ ಕಾಣುತ್ತಿತ್ತು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವಿನ ಮದ್ದೂ ಕಡಿಮೆ ಸಾಕಾಯಿತು. ಇಂಗ್ಲೆಂಡಿನ ಸುಮಾರು 20,000 ಜನರ ಮೇಲಿನ 2019ರ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಇರುವವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು.

ಇಲ್ಲಿ ಒಂದು ಎಚ್ಚರವೂ ಬೇಕು. ಆರೋಗ್ಯವಾಗಿರುವವರೇ ಹೊರಗೆ ಹೆಚ್ಚು ಓಡಾಡುತ್ತಿರಬಹುದು. ನಡಿಗೆಯಿಂದ ಬಂದ ಲಾಭವೂ ಇದರಲ್ಲಿ ಸೇರಿರಬಹುದು. ಬಿಪಿ, ಶುಗರ್ ಇದ್ದವರು ಮಾತ್ರೆ ಬಿಟ್ಟು ಮರದ ಕೆಳಗೆ ಕೂರಬೇಡಿ. ಮಾತ್ರೆ ತೆಗೆದುಕೊಂಡು ಕೂರಿ.

🌳 *ಈ ನೆರಳು ಯಾರದು?*

ನಮಗೆ ನೆರಳು ಬರೀ ಆರೋಗ್ಯದ ವಿಷಯವಲ್ಲ. ಸಿದ್ಧಾರ್ಥರು ಹುಟ್ಟಿದ್ದು ಲುಂಬಿನಿಯ ಮರಗಳ ನಡುವೆ. ಬೋಧಿ ಪಡೆದದ್ದು ಅರಳಿ ಮರದ ಕೆಳಗೆ. ಮೊದಲ ಉಪದೇಶ ಸಾರನಾಥದ ಜಿಂಕೆವನದಲ್ಲಿ. ಮಹಾಪರಿನಿಬ್ಬಾಣ ಎರಡು ಸಾಲ ವೃಕ್ಷಗಳ ನಡುವೆ. ಆದರೆ ಅದೇ ಅರಳಿ ಮರಕ್ಕೆ ಊರಿನವರು ಕಟ್ಟೆ ಕಟ್ಟಿದಾಗ, ನಮ್ಮ ಎಷ್ಟೋ ಅಜ್ಜ ಅಜ್ಜಿಯರು ಆ ಕಟ್ಟೆಯ ಮೇಲೆ ಕೂರುವಂತಿರಲಿಲ್ಲ. ಬುದ್ಧರಿಗೆ ನೆರಳು ಕೊಟ್ಟ ಮರ ಬುದ್ಧರ ಮಕ್ಕಳಿಗೆ ದೂರವಾಯಿತು. ಹಳ್ಳಿ ಬಿಟ್ಟು ಕಲಬುರಗಿಯ ಬಡಾವಣೆಗಳಿಗೆ ಬಂದವರಲ್ಲಿ ಹಲವರು ಆ ನೆನಪನ್ನು ಹೊತ್ತೇ ಬಂದರು. ಆದ್ದರಿಂದ ಹಸಿರನ್ನು ಹೊಗಳುವಾಗ ನಾವು ಹಳೆಯ ಹಳ್ಳಿಯನ್ನು ಹೊಗಳುತ್ತಿಲ್ಲ. ನಮ್ಮದೇ ಆದ ನೆರಳನ್ನು ಮರಳಿ ಪಡೆಯುತ್ತಿದ್ದೇವೆ.

ಬಾಬಾಸಾಹೇಬರ ಬದುಕಿನಲ್ಲೂ ಅಂಥ ಒಂದು ಮಧ್ಯಾಹ್ನವಿದೆ. ಬರೋಡಾದಲ್ಲಿ ಕೆಲಸಕ್ಕೆ ಸೇರಿದ್ದ ಅವರನ್ನು ಜಾತಿಯ ಕಾರಣಕ್ಕೆ ತಂಗಿದ್ದ ಪಾರ್ಸಿ ವಸತಿಗೃಹದಿಂದ ಹೊರಹಾಕಲಾಯಿತು. ವಿದೇಶದಲ್ಲಿ ಓದಿ ಬಂದವರಿಗೆ ಇಡೀ ನಗರದಲ್ಲಿ ಒಂದು ಕೋಣೆ ಸಿಗಲಿಲ್ಲ. ಬೊಂಬಾಯಿಯ ರೈಲು ಹೊರಡುವವರೆಗಿನ ಹೊತ್ತನ್ನು ಅವರು ಕಾಮಾಟಿ ಬಾಗ್ ಎಂಬ ಉದ್ಯಾನದಲ್ಲಿ ಕಳೆದರು. ಆ ಜಾಗವನ್ನು ನಾವು ಇಂದು ಸಂಕಲ್ಪ ಭೂಮಿ ಎಂದು ನೆನೆಯುತ್ತೇವೆ. ಮನುಷ್ಯರ ಮನೆಗಳು ಬಾಗಿಲು ಮುಚ್ಚಿದಾಗ ಸಾರ್ವಜನಿಕ ಉದ್ಯಾನ ಜಾಗ ಕೊಟ್ಟಿತು. ಆದರೆ ಬಾಬಾಸಾಹೇಬರು ಅಲ್ಲೇ ಉಳಿಯಲಿಲ್ಲ. ಎದ್ದು ಬಂದು ಕೋಟಿ ಜನರಿಗೆ ಬಾಗಿಲು ತೆರೆದರು.

🌳 *ಕಾಡು ಒಂದೇ ಸಾಕೇ?*

ಸಾಲದು. ಇದಕ್ಕೆ ಮೇಘಿಯ ಭಿಕ್ಖುವಿನ ಪ್ರಸಂಗ ಸಾಕ್ಷಿ. ನದಿ ದಂಡೆಯ ಸುಂದರ ಮಾವಿನ ತೋಪು ನೋಡಿ, ಇಲ್ಲಿ ಧ್ಯಾನ ಚೆನ್ನಾಗಿ ಆಗುತ್ತದೆ ಎಂದು ಅವರಿಗೆ ಅನಿಸಿತು. ಸ್ವಲ್ಪ ತಡೆ ಎಂದು ಬುದ್ಧರು ಹೇಳಿದರೂ ಮತ್ತೆ ಮತ್ತೆ ಕೇಳಿ ಹೋದರು. ತೋಪಿನಲ್ಲಿ ತಂಪಿತ್ತು, ನೆರಳಿತ್ತು. ಆದರೆ ಮನಸ್ಸಿನಲ್ಲಿ ಆಸೆ, ದ್ವೇಷ, ಹಿಂಸೆಯ ಯೋಚನೆಗಳೇ ಮುತ್ತಿದವು. ಮರಳಿ ಬಂದಾಗ ಬುದ್ಧರು ಮನಸ್ಸು ಪಕ್ವವಾಗಲು ಐದು ವಿಷಯ ಬೇಕೆಂದರು. ಅದರಲ್ಲಿ ಮೊದಲನೆಯದು ಕಲ್ಯಾಣ ಮಿತ್ರರು, ಆಮೇಲೆ ಶೀಲ, ಧಮ್ಮದ ಮಾತು, ಪ್ರಯತ್ನ, ಪ್ರಜ್ಞೆ.

ಅಂದರೆ ಮರ ದೇಹವನ್ನು ತಣಿಸುತ್ತದೆ. ತಣಿದ ದೇಹದಲ್ಲಿ ಮನಸ್ಸನ್ನು ನೋಡಿಕೊಳ್ಳುವುದು ಸುಲಭವಾಗುತ್ತದೆ. ನೋಡಿಕೊಳ್ಳುವ ಕೆಲಸ ಮಾತ್ರ ನಮ್ಮದೇ. ಶರಣು ಹೋಗುವುದು ಬುದ್ಧ, ಧಮ್ಮ, ಸಂಘಕ್ಕೆ. ನೆರಳು ದಾರಿಯಲ್ಲಿ ಸಿಗುವ ಸಹಾಯ.

🌳 *ನಮ್ಮ ಬಿಸಿಲೂರಿನಲ್ಲಿ ಇದು ಹೇಗೆ?*

ಕಾಡು ಎಂದರೆ ಮಲೆನಾಡಿಗೇ ಹೋಗಬೇಕಿಲ್ಲ. ನಮ್ಮ ಜಿಲ್ಲೆಯಲ್ಲೇ ಚಿಂಚೋಳಿ ವನ್ಯಜೀವಿ ಧಾಮವಿದೆ. 2011ರಲ್ಲಿ ಘೋಷಣೆಯಾದ, ಸುಮಾರು 135 ಚದರ ಕಿ.ಮೀ. ವಿಸ್ತಾರದ ಒಣ ಕಾಡು ಅದು. ವರ್ಷಕ್ಕೊಮ್ಮೆ ಮಳೆಗಾಲದ ನಂತರ ಬಳಗವೆಲ್ಲ ಸೇರಿ, ಅರಣ್ಯ ಇಲಾಖೆಯ ನಿಯಮ ಪಾಲಿಸಿ ಹೋಗಿ ಬರಬಹುದು. ದಿನನಿತ್ಯಕ್ಕೆ ನಗರದವರಿಗೆ ಬುದ್ಧ ವಿಹಾರದ ಆವರಣ, ವಿಶ್ವವಿದ್ಯಾಲಯದ ಮರಗಳು, ಪಬ್ಲಿಕ್ ಗಾರ್ಡನ್ ಇವೆ. ಕಮಲಾಪುರದವರಿಗೆ ಕೆಂಪು ಬಾಳೆಯ ತೋಟ, ಹೊಲದ ಬದುವಿನ ಬೇವು ಇವೆ.

1. ಒಂದು ಮರ ಆರಿಸಿಕೊಳ್ಳಿ. ದಿನಕ್ಕೆ 20 ನಿಮಿಷ, ವಾರಕ್ಕೆ ಆರು ದಿನ. ಅಲ್ಲಿಗೆ 120 ನಿಮಿಷ ಆಯಿತು. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋಗಿ.
2. ಮೊಬೈಲ್ ಸೈಲೆಂಟ್ ಮಾಡಿ. ಈ ಮೆಸೇಜನ್ನೂ ಆಗ ಓದಬೇಡಿ 🙂
3. ಮೊದಲು ಕಣ್ಣು, ಕಿವಿ, ಮೂಗು, ಚರ್ಮಕ್ಕೆ ತಾಗುವುದನ್ನು ಗಮನಿಸಿ. ಆಮೇಲೆ ಉಸಿರು. ಆಮೇಲೆ ಮನಸ್ಸಿನಲ್ಲಿ ಏಳುವ ಸಿಟ್ಟು, ಚಿಂತೆ, ಆಸೆಯನ್ನು ಇದ್ದಂತೆ ನೋಡಿ.
4. ಮರಕ್ಕೆ ದಾರ ಸುತ್ತಬೇಡಿ, ಕುಂಕುಮ ಹಚ್ಚಬೇಡಿ, ಪ್ರದಕ್ಷಿಣೆ ಬೇಡ. ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕಿ. ಅದಕ್ಕೆ ಬೇಕಾದದ್ದು ಅದೇ.
5. ಭಾನುವಾರ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಪರೀಕ್ಷೆಗೆ ಓದುತ್ತಾ ಕೋಣೆಯಲ್ಲೇ ಕುಗ್ಗಿ ಕೂತ ಹುಡುಗ, ಮನೆಗೆಲಸದಿಂದ ತಲೆ ಎತ್ತದ ಸೊಸೆ, ಮಾತಾಡಲು ಯಾರೂ ಇಲ್ಲದ ಅಜ್ಜ. ಕಲ್ಯಾಣ ಮಿತ್ರರಾಗುವುದು ಹೀಗೆ.

ಕೊನೆಗೊಂದು ಮಾತು. ತೊಗರಿ ಹೊಲದಲ್ಲಿ ಕೂಲಿ ಮಾಡುವ ನಮ್ಮ ತಾಯಂದಿರಿಗೆ ಮರದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಕಡಿಮೆಯಾಗಿರುವುದು ಅದರ ಕೆಳಗೆ ಕೂರುವ ಬಿಡುವು. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಹೊತ್ತಿದ್ದ ಬಾಬಾಸಾಹೇಬರು ಕಾರ್ಖಾನೆಯ ದುಡಿಮೆಗೆ ವಾರಕ್ಕೆ 48 ಗಂಟೆಯ ಮಿತಿ ತರಲು ಶ್ರಮಿಸಿದರು. ಬಿಡುವು ಸೋಮಾರಿತನವಲ್ಲ, ಹಕ್ಕು ಎಂದು ಅವರಿಗೆ ಗೊತ್ತಿತ್ತು. ನೀವು ಯಾರನ್ನಾದರೂ ಕೂಲಿಗೆ ಕರೆದರೆ, ಮಧ್ಯಾಹ್ನ ಬುತ್ತಿ ಬಿಚ್ಚಿ ನೆರಳಲ್ಲಿ ಕೂರುವ ಹೊತ್ತನ್ನು ಅವರಿಂದ ಕಸಿಯಬೇಡಿ. ಹಾಗೆ ಕಸಿಯದಿರುವುದೂ ಶೀಲವೇ. ಬುದ್ಧರು ಸುಂದರಿಕನಿಗೆ ಹೇಳಿದ ಸ್ನಾನ ಅದೇ.

ಇಂದು ಯಾವ ಮರದ ಕೆಳಗೆ ಕೂತಿರಿ, ಯಾರನ್ನು ಜೊತೆಗೆ ಕರೆದಿರಿ ಎಂದು ಸಂಜೆ ಗುಂಪಿನಲ್ಲಿ ಒಂದು ಸಾಲು ಬರೆಯಿರಿ.

ಭವತು ಸಬ್ಬ ಮಂಗಲಂ 🙏
ಸಾಧು, ಸಾಧು, ಸಾಧು
ಜೈ ಭೀಮ್ 💙