ದೀಪದ ಋಣ

ನಮ್ಮ ಸಿದ್ದಾಪುರಕ್ಕೆ ಅನತಿದೂರದ ಹೊಸಂಗಡಿಯಲ್ಲಿ, ನೆಲದೊಳಗಣ ಬಂಡೆಯನ್ನು ಕೊರೆದು ನಿರ್ಮಿಸಿದ ವಾರಾಹಿ ವಿದ್ಯುದಾಗಾರವು 1989ರಿಂದ ನಡೆಯುತ್ತಲಿದೆ. 2009ರಲ್ಲಿ ಇನ್ನೆರಡು ಯಂತ್ರಗಳು ಕೂಡಿ ಅದರ ಸಾಮರ್ಥ್ಯವು 460 ಮೆಗಾವಾಟಿಗೇರಿತು. ಹೊಗೆಯಿಲ್ಲ, ಬೂದಿಯಿಲ್ಲ, ಆದುದರಿಂದ ಇದನ್ನು ಶುದ್ಧಶಕ್ತಿಯೆನ್ನುವರು. ಆದರೆ ಘಟ್ಟದ ಮೇಲೆ ಮಾಣಿ ಅಣೆಕಟ್ಟಿನ ಹಿಂದೆ ಹೊಸನಗರ ಸೀಮೆಯ ಗದ್ದೆ, ತೋಟ, ಮನೆಗಳು ಮುಳುಗಿದುವಷ್ಟೆ. ಶುದ್ಧವೆಂಬ ಮಾತು ಗಾಳಿಗೆ ಮಾತ್ರ ಸಲ್ಲತಕ್ಕದ್ದೋ, ನ್ಯಾಯಕ್ಕೂ ಸಲ್ಲಬೇಕೋ? ಪರಿಹಾರಧನವು ಭೂಮಿಯ ಬೆಲೆಯನ್ನು ತೀರಿಸಬಹುದು. ಅಡಕೆಯ ಸಸಿಯು ಫಲಕ್ಕೆ ಬರುವ ತನಕ ಕಾದ ವರುಷಗಳನ್ನು ತೀರಿಸಲಾರದು. ಅಣೆಕಟ್ಟು ಬೇಡವಿತ್ತೆಂದು ನಾನು ಹೇಳಲಾರೆ. ಈ ಲೇಖನವನ್ನೂ ಅಂತಹ ಬೆಳಕಿನಲ್ಲಿಯೇ ಬರೆದೆನು. ಆದರೂ 2011ರಿಂದ ವಿದ್ಯುತ್ತಿನಿಂದಲೇ ಮೆಟ್ರೋ ರೈಲನ್ನೋಡಿಸುತ್ತಿರುವ ಬೆಂಗಳೂರು, ಇನ್ನೊಂದು ಹೊಳೆಯನ್ನು ಬೇಡುವ ಮೊದಲು ತನ್ನ ಮಾಳಿಗೆಗಳ ಮೇಲಣ ಬಿಸಿಲನ್ನು ಉಪಯೋಗಿಸಿಕೊಂಡಿತೇ ಎಂದು ಕೇಳುವ ಅಧಿಕಾರವು ಆ ಮುಳುಗಿದ ಮನೆಗಳವರಿಗೆ ಉಂಟು.