ನೆಲದಡಿಯ ನೀರು ಯಾರದು?

‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬುದು ನಮ್ಮ ಹಿರಿಯರ ಮಾತು. ಇಂದು ಕೋಲಾರದ ರೈತನ ಮುಂದೆ ಈ ಗಾದೆಯನ್ನಾಡಲು ತುಸು ಅಳುಕಬೇಕಾಗಿದೆ. 2021ರ ನವೆಂಬರಿನಲ್ಲಿ ಅಲ್ಲಿ ಕೊಯ್ಲಿಗೆ ಬಂದಿದ್ದ ರಾಗಿ ಅಕಾಲಿಕ ಮಳೆಗೆ ಸಿಕ್ಕಿ ಹೊಲದಲ್ಲೇ ನೆಲಕಚ್ಚಿತು. ಎರಡೇ ವರ್ಷಗಳಲ್ಲಿ, 2023ರಲ್ಲಿ, ಮುಂಗಾರು ಕೈಕೊಟ್ಟಿತು. ಆ ವರ್ಷದ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎಂದು ದಾಖಲಾಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಬೇಡದಾಗ ಬರುವ ಮಳೆ, ಬೇಕಾದಾಗ ಬಾರದ ಮಳೆ: ಹವಾಮಾನ ಬದಲಾವಣೆ ಎಂಬ ದೊಡ್ಡ ಮಾತಿಗೆ ರೈತನ ಹೊಲದಲ್ಲಿರುವ ಅರ್ಥ ಇದೇ.

ಮಳೆ ಸುರಿಸುವಾಗ ದೇವರು ಒಳ್ಳೆಯವರು, ಕೆಟ್ಟವರು ಎಂಬ ಭೇದವನ್ನೆಣಿಸುವುದಿಲ್ಲ ಎಂದು ಯೇಸುಸ್ವಾಮಿ ಬೋಧಿಸಿದರು. ಮಳೆಯ ಅಭಾವವೂ ಹಾಗೆಯೇ. ಅದು ಊರಿನ ಎಲ್ಲರ ಹೊಲಕ್ಕೂ ಒಂದೇ. ಆದರೆ ಬರದ ಸಂಕಟ ಮಾತ್ರ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಒಬ್ಬನ ತೋಟ ಹಸಿರಾಗಿರುವಾಗ ಪಕ್ಕದವನ ಬಾವಿ ಬತ್ತಿರುತ್ತದೆ. ಈ ವ್ಯತ್ಯಾಸವನ್ನು ಆಕಾಶ ಮಾಡಿದ್ದಲ್ಲ. ಹಾಗಾದರೆ ಮಾಡಿದವರು ಯಾರು?

ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದ್ದರಿಂದಲೇ ಪೂರ್ವಿಕರು ಅಲ್ಲಿ ಸಾವಿರಾರು ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕೆಳಗಿನ ಕೆರೆಗೆ ಸೇರುತ್ತಿತ್ತು. ತೂಬನ್ನು ತೆರೆದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸಲು ನೀರಗಂಟಿ ಇರುತ್ತಿದ್ದ. ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ನೆಲಕ್ಕೆ ನೀರು, ಯಾವ ಬೆಳೆಗೆ ನೀರು ಎಂಬುದು ಊರೇ ಕುಳಿತು ನಿರ್ಧರಿಸಬೇಕಾದ ವಿಷಯವಾಗಿತ್ತು. ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ಜಾತಿಯ ಅಂತರ, ಭೂಮಿಯಿಲ್ಲದವರ ಬವಣೆ ಆಗಲೂ ಇದ್ದವು. ಆದರೂ ಕೆರೆಯ ನೀರು ಕಣ್ಣಿಗೆ ಕಾಣುತ್ತಿತ್ತು. ಯಾರು ಎಷ್ಟು ಪಡೆದರೆಂಬುದು ಮುಚ್ಚಿಡುವ ಸಂಗತಿಯಾಗಿರಲಿಲ್ಲ.

ಕೊಳವೆಬಾವಿ ಬಂದ ಮೇಲೆ ನೀರು ಕಣ್ಮರೆಯಾಯಿತು. ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ 2008ರಿಂದ ವಿದ್ಯುತ್ ಉಚಿತವಾಗಿ ದೊರೆಯುತ್ತಿರುವುದರಿಂದ ನೀರೆತ್ತುವ ಖರ್ಚಿನ ಅರಿವೂ ಮರೆಯಾಯಿತು. ಇಂದು ಕೋಲಾರದಲ್ಲಿ ಸಾವಿರ ಅಡಿಗೂ ಮೀರಿ ಕೊರೆಯುವುದು ಹೊಸ ಸಂಗತಿಯಲ್ಲ. ಅಲ್ಲಿನ ನೆಲದಡಿಯಲ್ಲಿರುವುದು ಗಟ್ಟಿ ಶಿಲೆ. ಅದರ ಬಿರುಕುಗಳಲ್ಲಷ್ಟೇ ನೀರು ನಿಲ್ಲುತ್ತದೆ. ಬಿರುಕಿಗೆ ಬದುವಿನ ಗುರುತು ತಿಳಿಯದು. ಹಣವುಳ್ಳವನು ಇನ್ನಷ್ಟು ಆಳಕ್ಕೆ ಕೊರೆಸಿದರೆ, ನಾಲ್ಕುನೂರು ಅಡಿಗೇ ಕೈಚೆಲ್ಲಿದ ನೆರೆಯವನ ಬಾವಿ ಬತ್ತಬಹುದು. ಬೇಲಿ ಹಾರಿದವರಿಲ್ಲ, ಬೀಗ ಮುರಿದವರಿಲ್ಲ. ತನ್ನ ನೆಲದಡಿಯ ನೀರನ್ನು ತೆಗೆದುಕೊಳ್ಳುವ ಹಕ್ಕು ಭೂಮಾಲೀಕನಿಗಿದೆ ಎಂದು 1882ರ ಅನುಭೋಗ ಹಕ್ಕುಗಳ ಕಾಯಿದೆಯೂ ಹೇಳುತ್ತದೆ. ಹಾಗಾದರೆ ಇದು ಕಳವಲ್ಲವೇ?

ಕೊರೆಸಿದವನನ್ನು ದುಷ್ಟನೆಂದು ಕರೆಯುವುದು ಸುಲಭ. ಆದರೆ ಅದು ನ್ಯಾಯವಲ್ಲ. ಅವನ ಟೊಮೆಟೊ ಬೆಳೆಯ ಹಿಂದೆ ಸಾಲವಿದೆ, ಮಕ್ಕಳ ಶಾಲಾ ಶುಲ್ಕವಿದೆ. ‘ನಾನು ಎತ್ತದಿದ್ದರೆ ಇನ್ನೊಬ್ಬ ಎತ್ತುತ್ತಾನೆ’ ಎಂಬ ಅವನ ಮಾತಿನಲ್ಲಿ ಸತ್ಯವೂ ಇದೆ. ಆದರೆ ಆ ಮಾತಿನಿಂದ ಸಿದ್ಧವಾಗುವುದೇನು? ಒಬ್ಬನೇ ಸಂಯಮದಿಂದಿದ್ದರೆ ಸಾಲದು, ಎಲ್ಲರೂ ಕೂಡಿ ಸಂಯಮಕ್ಕೊಳಗಾಗಬೇಕು ಎಂಬುದೇ ಹೊರತು ಯಾರಿಗೂ ಹೊಣೆಯಿಲ್ಲ ಎಂಬುದಲ್ಲ. ಮನುಷ್ಯ ಆಸ್ತಿಯನ್ನು ಹೊಂದಬಹುದು, ಆದರೆ ಅದನ್ನು ಬಳಸುವಾಗ ಎಲ್ಲರಿಗೂ ಸೇರಿದ್ದೆಂಬಂತೆ, ಕೊರತೆಯಲ್ಲಿರುವವರೊಡನೆ ಹಂಚಿಕೊಳ್ಳಲು ಸಿದ್ಧನಿರಬೇಕು ಎಂದು ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲೇ ವಿವೇಚಿಸಿದರು. ಹೊಲದ ಮಾತು ಹೀಗಾದರೆ, ಯಾರೂ ಬಿತ್ತದ, ಯಾರೂ ತಯಾರಿಸದ ನೀರಿನ ಮಾತೇನು?

2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅಂತರ್ಜಲದ ಮರುಪೂರಣವೇ ಆ ಯೋಜನೆಯ ಉದ್ದೇಶ. ನೀರಿನ ಗುಣಮಟ್ಟದ ಬಗ್ಗೆ ಎದ್ದ ಪ್ರಶ್ನೆಗಳು ಬೇರೆಯೇ ಚರ್ಚೆಗೆ ಯೋಗ್ಯವಾದವು. ಇಲ್ಲಿ ಕೇಳಬೇಕಾದದ್ದು ಇಷ್ಟು: ಜನರ ತೆರಿಗೆಯ ಹಣದಿಂದ ಕೆರೆಗೆ ಬಂದ ನೀರು ಕೆರೆಯಲ್ಲಿರುವವರೆಗೆ ಊರಿನದು. ಅದೇ ನೀರು ಇಂಗಿ ನೆಲದೊಳಗಿಳಿದೊಡನೆ ಹೆಚ್ಚು ಆಳದ ಕೊಳವೆಯುಳ್ಳವನ ಸ್ವತ್ತಾಗುವುದು ಹೇಗೆ?

ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ತೋಡಲು ಅನುಮತಿ ಬೇಕೆಂದು 2011ರ ಕರ್ನಾಟಕ ಅಂತರ್ಜಲ ಕಾಯಿದೆ ವಿಧಿಸುತ್ತದೆ. ಕಾಯಿದೆ ಬೇಕು. ಆದರೆ ಪ್ರತಿಯೊಂದು ಬಿರುಕಿಗೂ ಕಾವಲು ನಿಲ್ಲಿಸಲಾಗದು. ಅಲ್ಲಿ ಕಾಯಬೇಕಾದದ್ದು ಮನಸ್ಸಾಕ್ಷಿ. ಅದೂ ಊರಿನ ಒಟ್ಟು ಮನಸ್ಸಾಕ್ಷಿ. ಕೊರೆಯುವ ಯಂತ್ರವನ್ನು ಕರೆಸುವ ಮುನ್ನ ನೆರೆಯವರೊಡನೆ ಕುಳಿತು ಮಾತನಾಡಬಹುದು. ಸುಗ್ಗಿಯ ನಂತರ ಊರಿನ ಬಾವಿಗಳ ಮಟ್ಟವನ್ನು ಅಳೆದು, ಮೊದಲು ಕುಡಿಯುವ ನೀರನ್ನು ತೆಗೆದಿರಿಸಿ, ಉಳಿದುದಕ್ಕೆ ತಕ್ಕ ಬೆಳೆಯನ್ನು ಆರಿಸಬಹುದು. ಪೇಟೆಯಲ್ಲಿರುವ ನಾವು ಕಡಿಮೆ ನೀರಿನಲ್ಲಿ ಬೆಳೆಯುವ ರಾಗಿಗೆ ನಮ್ಮ ಊಟದ ತಟ್ಟೆಯಲ್ಲಿ ಮತ್ತೆ ಎಡೆಗೊಟ್ಟರೆ, ಅದನ್ನು ಬೆಳೆಯುವ ರೈತನಿಗೆ ಅಷ್ಟರಮಟ್ಟಿಗೆ ಆಸರೆಯಾದೀತು.

ಮುಂಗಾರು ತಡವಾದಾಗ ನಮ್ಮ ದೇವಾಲಯಗಳಲ್ಲಿ ಮಳೆಗಾಗಿ ಪ್ರಾರ್ಥಿಸುತ್ತೇವೆ. ಅದು ಯೋಗ್ಯವೇ. ಆದರೆ ಬಿದ್ದ ಮಳೆಯನ್ನು ಹೇಗೆ ಹಂಚಿಕೊಂಡೆವು ಎಂಬುದನ್ನೂ ಆ ಪ್ರಾರ್ಥನೆಯ ಹೊತ್ತಿನಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳಬೇಕು.